ಕೃತಿಯ ಮೇಲಿನ ಕುಂಕುಮ

ಬೆಳಿಗ್ಗೆ ಎಂಟು ಗಂಟೆ. ಬಾಸ್‌ನ ಕಲಾಕೃತಿಯ ತುಂಬ ಕೆಂಪು ಚುಕ್ಕೆಗಳಿದ್ದವು.

ಮಧ್ವೇಶ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟ. ಅದು ದಕ್ಷಿಣ ಆಫ್ರಿಕಾದ ಕಲಾವಿದೆಯೊಬ್ಬಳ ಮಿಕ್ಸೆಡ್ ಮೀಡಿಯಾ ಕೃತಿ: ಹಲಗೆಯ ಮೇಲೆ ತಂತಿ, ಬಾಟಲಿ ಮುಚ್ಚಳ, ತುಕ್ಕು ಹಿಡಿದ ಸಲಿಕೆ, ನಡುವೆ ಸವೆದ ಒಂಟಿ ಚಪ್ಪಲಿ. ಮನೆ ಖಾಲಿ ಮಾಡಿ ಹೋಟೆಲು ಸೇರಿದ್ದ ಬಾಸ್ ಕರಣ್, ಹರಾಜಿನವರು ಒಯ್ಯುವವರೆಗೆ ಇರಲಿ ಎಂದು ಹಿಂದಿನ ದಿನವಷ್ಟೇ ಅದನ್ನು ಸಿಂಗಪುರದ ಪಾಸಿರ್ ರಿಸ್‌ನಲ್ಲಿದ್ದ ಮಧ್ವೇಶನ ಈ ಫ್ಲಾಟಿಗೆ ಕಳಿಸಿದ್ದ. ಮಧ್ವೇಶ್ ಇಲ್ಲಿ ಕೆಲಸದಲ್ಲಿ ಉಳಿಯಲು ಬೇಕಾದ ವರ್ಕ್ ಪಾಸ್ ನವೀಕರಣದ ಅರ್ಜಿ ಸೋಮವಾರ ಹೋಗಬೇಕಿತ್ತು, ಅದಕ್ಕೆ ಕರಣ್ ಇನ್ನೂ ಹ್ಞೂಂ ಅಂದಿರಲಿಲ್ಲ. ಹರಾಜಿನವರು ಹತ್ತಕ್ಕೆ ಬರುವವರಿದ್ದರು.

"ಉಮಾ! ಏನೇ ಇದು?"

"ನಿನ್ನೆ ಆಯುಧ ಪೂಜೆ ಅಲ್ವಾ. ನೀವು ಸೆಲೆಟಾರ್ ಆಫೀಸಿಂದ ಬರೋದು ಲೇಟ್ ಆಯ್ತು. ಮೇಲಿನ ಮನೆ ಸರೋಜಾ ಆಂಟಿನೇ ಪೂಜೆ ಮಾಡ್ಕೊಟ್ರು. ಮಿಕ್ಸಿ, ಲ್ಯಾಪ್‌ಟಾಪ್, ರೈಸ್ ಕುಕ್ಕರ್, ಎಲ್ಲಕ್ಕೂ ಕುಂಕುಮ ಇಟ್ರು."

"ಇದಕ್ಕೂ ಇಡೋವಾಗ ನೀನೇನು ಮಾಡ್ತಿದ್ದೆ?"

"ಕೋಸಂಬರಿ! ನೀವು ಫೋನಲ್ಲಿ ಹೇಳಿದ ಹಾಗೆ ಪ್ಯಾಕಿಂಗ್ ಬಿಚ್ಚಿಟ್ಟು, ಸರಿಯಾಗಿ ನೋಡ್ದೇನೂ ಅಡುಗೆಮನೆಗೆ ಹೋದೆ."

ಆಂಟಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ದೇವಸ್ಥಾನಕ್ಕೆ ಹೋಗಿದ್ದರು.

ಮಧ್ವೇಶ್ ಒದ್ದೆ ಬಟ್ಟೆಯಿಂದ ಒರೆಸಿದ. ಚುಕ್ಕೆ ಹರಡಿ, ಚಪ್ಪಲಿ ಗಾಯವಾದ ಕಾಲಿನಂತಾಯಿತು. ಅಷ್ಟರಲ್ಲಿ ಎದುರು ಮನೆಯ ಪುಟ್ಟಸ್ವಾಮಿ ಅಂಕಲ್ ಕರೆಯದೆ ಒಳಗೆ ಬಂದರು.

"ನೀರು ಹಾಕಿದ್ಯಾ? ಕೆಟ್ಟೆ ಬಿಡು. ಕೊಬ್ಬರಿ ಎಣ್ಣೆ ಹಚ್ಚು."

"ಆಮೇಲೆ ಎಣ್ಣೆ ಹೋಗೋದು ಹೇಗೆ ಅಂಕಲ್?"

"ಕಡಲೆಹಿಟ್ಟು ಇಲ್ವೇನಯ್ಯಾ ಮನೇಲಿ? ಇಂಜಿನಿಯರ್ ಅಂತೆ ಇಂಜಿನಿಯರ್!"

ಕೃತಿಗೆ ಶಾಸ್ತ್ರೋಕ್ತವಾಗಿ ಅಭ್ಯಂಜನವಾಯಿತು. ಮಧ್ವೇಶ್ ಬಾಯಲ್ಲಿದ್ದ ಬ್ರಷ್ಷಿನಿಂದಲೇ ಸಂದಿಗೊಂದಿ ಉಜ್ಜಿದ. ಹತ್ತಕ್ಕೆ ಐದು ನಿಮಿಷವಿರುವಾಗ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಹಾಲ್ ಬೋಂಡಾ ಅಂಗಡಿಯಂತೆ ಘಮಘಮಿಸುತ್ತಿತ್ತು. ಎಷ್ಟೋ ವಾರಗಳ ನಂತರ ಅವನು ನೆಮ್ಮದಿಯಿಂದ ಕುಳಿತ.

ಹರಾಜು ಸಂಸ್ಥೆಯ ಮಿಸ್ ಲಿಮ್ ಬಂದಳು. ಮೂಗು ಅರಳಿಸಿದಳು. ಟ್ಯಾಬ್ಲೆಟ್ಟಿನಲ್ಲಿದ್ದ ಕ್ಯಾಟಲಾಗ್ ಚಿತ್ರವನ್ನು ನೋಡಿದಳು, ಕೃತಿಯನ್ನು ನೋಡಿದಳು.

"ಕೆಂಪು ಚುಕ್ಕೆಗಳೆಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಟ್ಯಾಬ್ಲೆಟ್ಟಿನ ಚಿತ್ರದಲ್ಲಿ ಅವೆಲ್ಲ ಇದ್ದವು. ಕಲಾವಿದೆಯ ತಂದೆ ದುಡಿಯುತ್ತಿದ್ದ ಗಣಿಯ ಮಣ್ಣು ಅದು, ಒಂದೊಂದು ಚುಕ್ಕೆ ಆ ಗಣಿಯಿಂದ ಮನೆಗೆ ಬಾರದ ಒಬ್ಬೊಬ್ಬನಿಗೆ, ಚಪ್ಪಲಿ ಆ ತಂದೆಯದು ಎಂದು ಮಿಸ್ ಲಿಮ್ ಮೆಲ್ಲಗೆ ಹೇಳಿದಳು. ಮಧ್ವೇಶ್ ತನ್ನ ಕೈ ನೋಡಿಕೊಂಡ. ಉಗುರುಗಳ ಸಂದಿಯಲ್ಲಿ ಕಡಲೆಹಿಟ್ಟು ಕೆಂಪಗಿತ್ತು.

ಆಗಲೇ ಸರೋಜಾ ಆಂಟಿ ಪೂಜೆಯ ತಟ್ಟೆ ಒಯ್ಯಲು ಬಂದರು.

"ಆಂಟಿ, ನಿನ್ನೆ ಇದಕ್ಕೆ ಕುಂಕುಮ ಇಟ್ಟಿದ್ದು ನೀವೇ ತಾನೆ?" ಮಧ್ವೇಶ್ ಕೃತಿಯತ್ತ ಕೈ ತೋರಿದ.

"ನಾನಾ? ಥೂ! ನಡುವೆ ಚಪ್ಪಲಿ ಇದೆಯಲ್ಲಪ್ಪಾ! ಚಪ್ಪಲಿಗೆ ಯಾರಾದ್ರೂ ಕುಂಕುಮ ಇಡ್ತಾರಾ?" ಅವನ ಮುಖ ನೋಡಿ ಮರುಗಿದರು. "ಬೇಕೇ ಬೇಕು ಅಂದ್ರೆ ಈಗ ಇಡ್ತೀನಿ ಬಿಡು. ತಟ್ಟೇಲಿ ಇನ್ನೂ ಇದೆ."

ಮಿಸ್ ಲಿಮ್ ಕೃತಿಯ ಫೋಟೋ ತೆಗೆದು ಕರಣ್‌ಗೆ ಕಳಿಸಿದಳು.

ಕೃತಿ ಹರಾಜಿಗೆ ಹೋಗಲಿಲ್ಲ. ಸೋಮವಾರ ಮಧ್ವೇಶನ ವರ್ಕ್ ಪಾಸ್ ಅರ್ಜಿಯೂ ಹೋಗಲಿಲ್ಲ.