ಅಜ್ಜಿ ಈಜಿದ ದೃಶ್ಯದಲ್ಲಿ ದನಿಗೂಡಿಸಿದ ಫ್ರಿಜ್ಜಿಗೆ

ಮಾನ್ಯ ಫ್ರಿಜ್ ಮಹಾಶಯರೇ,

ಅಡುಗೆಮನೆಯ ಮೂಲೆಯಲ್ಲಿ ನಿಂತ ನಿಲುವಿನಲ್ಲೇ ನಮ್ಮ ಚಿಕ್ಕಮ್ಮನ ಮೂರೂ ಸಿನಿಮಾಗಳಲ್ಲಿ ಪಾಲ್ಗೊಂಡಿರುವ ತಮಗೆ ಗೌರವಪೂರ್ವಕ ವಂದನೆಗಳು. ಇಂದು ಬೆಳಿಗ್ಗೆ ಹಾಲು ತೆಗೆಯಲು ತಮ್ಮ ಬಾಗಿಲು ತೆರೆದಾಗ, ಮೊಸರಿನ ಬಟ್ಟಲಿಗೆ ಒರಗಿಕೊಂಡು ಚಿಕ್ಕಮ್ಮನ ಸ್ಕೂಟರಿನ ಕೀ ತಣ್ಣಗೆ ಮಲಗಿತ್ತು. ಆ ಕುರಿತೇ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ತಾವು ಸಾವಧಾನವಾಗಿ, ಸಾಧ್ಯವಾದರೆ ಸದ್ದಿಲ್ಲದೆ, ಆಲಿಸಬೇಕಾಗಿ ವಿನಂತಿ.

ಚಿಕ್ಕಮ್ಮ ತಮ್ಮ ಸಿನಿಮಾಗಳನ್ನು ತಾವೇ ಮಾಡುವವರು. ನಿರ್ಮಾಪಕರಿಲ್ಲದ ಕಾರಣ ಕಥೆ ಎಲ್ಲಿಯದಾದರೂ ಅದು ನಡೆಯುವುದು ನಮ್ಮ ಮನೆಯಲ್ಲಿ. ಮೊದಲ ಚಿತ್ರದಲ್ಲಿ ಇದೇ ಅಡುಗೆಮನೆ ವಕೀಲರ ಕಚೇರಿಯಾಗಿತ್ತು, ಎರಡನೆಯದರಲ್ಲಿ ಆಸ್ಪತ್ರೆ. ಆ ಮೊದಲ ಚಿತ್ರದುದ್ದಕ್ಕೂ ತಾವು ಗುಂಯ್‌ಗುಟ್ಟಿದಿರಿ. ವಿಮರ್ಶಕರೊಬ್ಬರು ಅದನ್ನು ‘ಹೆಣ್ಣಿನ ಅಂತರಂಗದ ಅವ್ಯಕ್ತ ಯಾತನೆಯ ಮೊರೆತ’ ಎಂದು ಬಣ್ಣಿಸಿದರು. ಬರೆಯುವ ಸಂಭ್ರಮದಲ್ಲಿ ನಿರ್ದೇಶಕಿಯ ಹೆಸರು ಬಿಟ್ಟುಹೋಗಿತ್ತು. ಪ್ರದರ್ಶನ ಮುಗಿದಾಗ ಹೂಗುಚ್ಛ ಹಿಡಿದು ಬಂದ ಸಂಘಟಕರು ಚಿಕ್ಕಮ್ಮನನ್ನೇ, “ಡೈರೆಕ್ಟರ್ ಸರ್ ಎಲ್ಲಿದ್ದಾರಮ್ಮ, ಸ್ವಲ್ಪ ಕರೀತೀರಾ?” ಎಂದು ಕೇಳಿದರು. ಚಿಕ್ಕಮ್ಮ ಹೊರಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ತಾವೇ ಒಳಗೆ ಬಂದರು.

ಅಂದಿನಿಂದ ನಮ್ಮಲ್ಲೊಂದು ಪದ್ಧತಿ ಇದೆ. ಶೂಟಿಂಗ್ ವೇಳೆ ತಮ್ಮ ಸ್ವಿಚ್ ಆರಿಸಿ, ಸ್ಕೂಟರಿನ ಕೀಯನ್ನು ತಮ್ಮೊಳಗೆ ಇಡುತ್ತೇವೆ. ಕೀ ಇಲ್ಲದೆ ಚಿಕ್ಕಮ್ಮ ಮನೆ ಬಿಡಲಾರರು. ಕೀ ತೆಗೆಯಲು ಬಂದವರು ಸ್ವಿಚ್ ಹಾಕಲು ಮರೆಯಲಾರರು. ಇದಕ್ಕಿಂತ ಗಟ್ಟಿಯಾದ ಏರ್ಪಾಡು ಇರಲಾರದೆಂದು ನಾವು ನಂಬಿದ್ದೆವು. ನಮ್ಮ ಅಜ್ಜಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೂರನೆಯ ಚಿತ್ರದ ನಾಯಕಿ ಅಜ್ಜಿ, ಅಂದರೆ ಚಿಕ್ಕಮ್ಮನ ತಾಯಿ. ಸಾಹಿತ್ಯ ಓದಿಕೊಂಡು ಮನೆಯಲ್ಲಿ ಕುಳಿತಿರುವ ನಾನು ಸಂಭಾಷಣೆ ಬರೆದುಕೊಟ್ಟೆ; ಅಜ್ಜಿ ಅದನ್ನು ಮೆಚ್ಚಿ, ಬದಿಗಿಟ್ಟು, ತಮಗೆ ತೋಚಿದ್ದನ್ನು ಆಡಿದರು. ಕೊನೆಯ ದೃಶ್ಯದಲ್ಲಿ ಕ್ಯಾಮೆರಾದ ಕಡೆ ನೋಡದೆ, “ಮದುವೆಗೆ ಮೊದಲು ನಾನು ತುಂಬಾ ಚೆನ್ನಾಗಿ ಈಜ್ತಿದ್ದೆ ಕಣೇ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ” ಎಂದರು. ನಮಗಾರಿಗೂ ಈ ವಿಷಯ ಗೊತ್ತಿರಲಿಲ್ಲ. ಮಹಾಶಯರೇ, ಸರಿಯಾಗಿ ‘ಈಜ್ತಿದ್ದೆ’ ಎಂಬಲ್ಲಿ ತಾವು ಒಮ್ಮೆ ಮೈಕೊಡವಿ, ಶ್ರುತಿ ಹಿಡಿದಿರಿ. ಆರಿಸಿದ್ದ ಸ್ವಿಚ್ಚನ್ನು ಅಜ್ಜಿಯೇ ಹಾಕಿ ಬಂದಿದ್ದರು, ಹಾಲು ಕೆಡಬಾರದೆಂದು. ಇನ್ನೊಮ್ಮೆ ಹೇಳಿ ಎಂದು ಚಿಕ್ಕಮ್ಮ ಎಷ್ಟು ಬೇಡಿಕೊಂಡರೂ, “ಹೇಳಿ ಆಯ್ತಲ್ಲ. ಇನ್ನೊಂದ್ಸಲ ಹೇಳಿದ್ರೆ ನಾಟಕ ಆಗುತ್ತೆ” ಎಂದು ಅಜ್ಜಿ ಎದ್ದುಹೋದರು.

ಸ್ಟುಡಿಯೋದ ಎಂಜಿನಿಯರ್ ತಮ್ಮ ಸ್ವರವನ್ನು ಅಳಿಸಲು ನೋಡಿ ಸೋತರು. ಅಳಿಸಿದರೆ ಅಜ್ಜಿ ಕೊಡದೊಳಗಿನಿಂದ ಮಾತಾಡಿದಂತೆ ಕೇಳುತ್ತದಂತೆ. ಆ ಮೊದಲ ಚಿತ್ರವನ್ನು ಚಲನಚಿತ್ರೋತ್ಸವದ ಆಯ್ಕೆ ಸಮಿತಿ ‘ವಸ್ತು ಚೆನ್ನ, ಧ್ವನಿ ಹವ್ಯಾಸಿ’ ಎಂದು ಹಿಂದಿರುಗಿಸಿತ್ತು. ಇದೂ ಹಿಂದಿರುಗಿದರೆ ಕ್ಯಾಮೆರಾ ಮಾರಿ ಸೋಪಿನ ಜಾಹೀರಾತು ಮಾಡುವ ಕಂಪನಿ ಸೇರುತ್ತೇನೆಂದು ಚಿಕ್ಕಮ್ಮ ಶಾಂತವಾಗಿ ಹೇಳಿದ್ದಾರೆ. ಅವರು ಶಾಂತವಾಗಿ ಹೇಳಿದ್ದು ಇದೇ ಮೊದಲು. ಹೀಗಾಗಿ ನಿನ್ನೆ ಊಟಕ್ಕೆ ಕುಳಿತಾಗ, ಆ ಮಾತನ್ನು ಇವತ್ತು ನನ್ನಿಂದ ಡಬ್ ಮಾಡಿಸುವುದೆಂದು ತೀರ್ಮಾನವಾಯಿತು. “ನಿನ್ನ ಗಂಟಲು ಥೇಟ್ ಅಮ್ಮಂದೇ. ಸ್ವಲ್ಪ ನಡುಗಿಸಿದ್ರೆ ಸಾಕು, ನೀನು ಹೇಗೂ ನಡುಗ್ತೀಯ” ಎಂದರು ಚಿಕ್ಕಮ್ಮ. ನಾಲ್ಕು ಜನರೆದುರು ಬಾಯಿ ಬಿಡಲಾರದ ನಾನು ಆಗಲೆಂದು ತಲೆಯಾಡಿಸಿದೆ. ಅಜ್ಜಿ ತಟ್ಟೆಯಿಂದ ತಲೆ ಎತ್ತದೆ, “ಈಜಿದ್ದೂ ಅವಳೇನಾ?” ಎಂದು ಕೇಳಿದರು.

ಇವತ್ತು ಶೂಟಿಂಗ್ ಇಲ್ಲವಾದ್ದರಿಂದ ತಮ್ಮೊಳಗೆ ಇಣುಕಿ ನೋಡದೆ, ಸ್ಟುಡಿಯೋಗೆ ಹೊರಟ ಚಿಕ್ಕಮ್ಮ ಈಗ ಕೀ ಹುಡುಕುತ್ತ ಸೋಫಾದ ದಿಂಬುಗಳನ್ನು ಒಂದೊಂದಾಗಿ ಎತ್ತುತ್ತಿದ್ದಾರೆ. ಅಜ್ಜಿ ಸ್ಟೂಲಿನ ಮೇಲೆ ಕುಳಿತು ಬಟಾಣಿ ಸುಲಿಯುತ್ತ, “ಇಟ್ಟಲ್ಲೇ ಇರುತ್ತೆ, ನೋಡು” ಎನ್ನುತ್ತಿದ್ದಾರೆ.

ತಮ್ಮಲ್ಲಿ ನನ್ನ ಕೋರಿಕೆಗಳು ಕೆಲವಿವೆ. ಹಾಡಿದ್ದನ್ನು ತಾವು ದಯವಿಟ್ಟು ಹಿಂದಕ್ಕೆ ನುಂಗಬೇಕು. ಅದಾಗದಿದ್ದರೆ ಈಜು ಕಲಿತು, ನೀರಿನೊಳಗೆ ಉಸಿರು ಬಿಗಿಹಿಡಿಯುವುದನ್ನಾದರೂ ರೂಢಿಸಿಕೊಳ್ಳಬೇಕು. ಅದೂ ಆಗದಿದ್ದರೆ ಆಯ್ಕೆ ಸಮಿತಿಯ ಎದುರು ಹಾಜರಾಗಿ, ಹವ್ಯಾಸಿ ತಾವೇ ಹೊರತು ಚಿಕ್ಕಮ್ಮನಲ್ಲ ಎಂದು ಹೇಳಿಕೆ ಕೊಡಬೇಕು.

ಇವು ಯಾವುವೂ ತಮ್ಮಿಂದಾಗದೆಂದು ಬಲ್ಲೆ. ಆದರೆ ಇಂದು ಕೀ ಕಂಡ ಮೇಲೆ ನಾನು ಆ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ನೋಡಿದೆ. ‘ಶುರು’ ಎಂದರೆ ಅಜ್ಜಿ ಮರಗಟ್ಟಿ ಕೂರುವುದರಿಂದ ಚಿಕ್ಕಮ್ಮ ಹೇಳದೆ ಕೇಳದೆ ಕ್ಯಾಮೆರಾ ಓಡಿಸುತ್ತಾರೆ. ನಾವು ಕತ್ತರಿಸಿ ಎಸೆದ ಭಾಗದಲ್ಲಿ ಅಜ್ಜಿ ಎದ್ದು ಬಂದು, ತಮ್ಮ ಸ್ವಿಚ್ ಹಾಕಿ, “ಹಾಲು ಕೆಡುತ್ತಲ್ಲೇ” ಎಂದು ಯಾರಿಗೋ ಹೇಳಿ, ಹೋಗಿ ಕುಳಿತು, ಸೆರಗಿನಲ್ಲಿ ಕೈ ಒರೆಸಿಕೊಂಡು, ಆಮೇಲೆ ಈಜಿನ ಮಾತು ಹೇಳುತ್ತಾರೆ. ದೃಶ್ಯ ಅಲ್ಲಿಂದಲೇ ಶುರುವಾದರೆ ಸದ್ದು ಎಲ್ಲಿಂದ ಬಂತೆಂದು ನೋಡುವವರಿಗೆ ತಿಳಿಯುತ್ತದೆ; ತಾವು ಎಷ್ಟು ಬೇಕಾದರೂ ಗುನುಗಬಹುದು.

ಕೀಯನ್ನು ಇದ್ದಲ್ಲೇ ಬಿಟ್ಟು ತಮ್ಮ ಬಾಗಿಲನ್ನು ಮೆಲ್ಲಗೆ ಮುಚ್ಚಿದ್ದೇನೆ. ಚಿಕ್ಕಮ್ಮ ಹುಡುಕಿ ಸುಸ್ತಾಗಿ ಕುಳಿತಾಗ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟು, ಅಜ್ಜಿಯ ಮಾತನ್ನು ನಾನು ಆಡುವುದಿಲ್ಲ ಎಂದು ನನ್ನ ಗಂಟಲಿನಲ್ಲೇ ಹೇಳಲಿದ್ದೇನೆ. ಆಗ ತಾವು ನಡುವೆ ಬಾಯಿ ಹಾಕದಿರಬೇಕಾಗಿ ಪ್ರಾರ್ಥನೆ.

ಹಾಲು ಕೆಡದಿರುವ ತನಕ,
ತಮ್ಮ ವಿಶ್ವಾಸಿ,
ಸಂಭಾಷಣೆ ಬರೆದವಳು

ತಾ.ಕ.: ಈ ಸಲವೂ ಹೂಗುಚ್ಛದವರು ಡೈರೆಕ್ಟರ್ ಸರ್ ಎಲ್ಲಿ ಎಂದು ಕೇಳಿದರೆ ತಮ್ಮ ವಿಳಾಸ ಕೊಡುತ್ತೇನೆ. ಎತ್ತರದ ನಿಲುವು, ಅಗಲವಾದ ಮೈ, ನಿಂತಲ್ಲೇ ನಿಂತು ಮಾಡುವ ಕೆಲಸವನ್ನು ಇಡೀ ಮನೆಗೆ ಕೇಳಿಸುವ ಗುಣ. ಅವರು ಹುಡುಕುತ್ತಿರುವವರು ತಾವೇ ಇರಬೇಕು.