ಹೂಂರಾಯ ವೈನಿಗೆ ಅಂಕ ಕೊಟ್ಟದ್ದು

ಆ ಭಾನುವಾರ ಬೆಳಿಗ್ಗೆ, ಒಂದು ಕೆನ್ನೆ ಬೋಳಿಸಿಕೊಂಡು ಇನ್ನೊಂದಕ್ಕೆ ನೊರೆ ಮೆತ್ತಿಕೊಂಡು ನಿಂತಿದ್ದ ಹೊತ್ತಿನಲ್ಲಿ ಫೋನು ಬಾರದೇ ಹೋಗಿದ್ದರೆ ಹೂಂರಾಯನ ಬದುಕು ಎಂದಿನ ಹಾಗೆ ಸಾಗುತ್ತಿತ್ತು. ಆದರೆ ಫೋನು ಬಂತು. ಕಿವಿಯ ತುಂಬ ನೊರೆ. ಆ ಕಡೆ ಮ್ಯಾನೇಜರು.

"ಏನ್ರೀ, ನಿಮಗೆ ವೈನ್ ಬಗ್ಗೆ ಏನಾದ್ರೂ ಗೊತ್ತೇನ್ರೀ?"

"ಹೂಂ ಸಾರ್."

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಹೋಟೆಲುಗಳಿಗೆ ಸಾಮಾನು ಒದಗಿಸುವ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಅದು ಯಾರಿಗೂ ನೆನಪಿರಲಿಲ್ಲ. ಯಾರು ಏನು ಕೇಳಿದರೂ ಮೊದಲು ಹೂಂ ಅನ್ನುವುದು, ಆಮೇಲೆ ಅವರು ಕೇಳಿದ್ದೇನೆಂದು ಯೋಚಿಸುವುದು ಅವನ ಪದ್ಧತಿ. ಒಮ್ಮೆ "ಈ ಉಪ್ಪಿನ ಮೂಟೆ ನೆನೆಸಿದ್ದು ನೀವೇನಾ?" ಎಂದು ಯಾರೋ ಕೇಳಿದಾಗಲೂ ಹೂಂ ಅಂದು, ತಾನು ರಜೆಯಲ್ಲಿದ್ದ ದಿನದ ತಪ್ಪಿಗೆ ತಾನೇ ಬೈಸಿಕೊಂಡಿದ್ದ. ಅಂದಿನಿಂದ ಆಫೀಸಿಗೆಲ್ಲ ಅವನು ಹೂಂರಾಯ.

"ಒಳ್ಳೇದಾಯ್ತು ಬಿಡಿ," ಎಂದರು ಮ್ಯಾನೇಜರು. ದನಿಯಲ್ಲಿ ಯಾಕೋ ಒಳ್ಳೆಯದಾದ ಸಂತೋಷವಿರಲಿಲ್ಲ. "ಹೊಳೆಯಾಚೆ ವೈನಿಗೇ ಅಂತ ಬೇರೆ ಉಗ್ರಾಣ ತೆಗೀತಿದೀವಲ್ಲ, ಅದರ ವಿಷಯ. ಮಧ್ಯಾಹ್ನ ನಿಮ್ಮನೆಗೇ ಊಟಕ್ಕೆ ಬರ್ತೀನಿ. ಮೂರು ಬಾಟಲಿ ತರ್ತೀನಿ. ಊಟದ ಜತೆ ರುಚಿ ನೋಡಿ, ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿ. ಆಗಬಹುದಾ?"

"ಹೂಂ ಸಾರ್."

ಫೋನು ಇಟ್ಟ ಮೇಲೆ ಹೂಂರಾಯನಿಗೆ ತಾನು ಕೇಳಿಸಿಕೊಂಡದ್ದು ಒಂದೊಂದಾಗಿ ಒಳಗಿಳಿಯಿತು. ಹೊಸ ಉಗ್ರಾಣ ಅಂದರೆ ಹೊಸ ಮೇಲ್ವಿಚಾರಕ. ಮೇಲ್ವಿಚಾರಕನಿಗೆ ಉಗ್ರಾಣದ ಪಕ್ಕದಲ್ಲೇ ಕಂಪನಿಯ ಪುಟ್ಟ ಮನೆ. ಒಂದು ಮಲಗುವ ಕೋಣೆ, ಒಂದು ಅಡುಗೆ ಕೋಣೆ. ಅಲ್ಲಿ ಮೂರನೆಯ ಮನುಷ್ಯ ಮಲಗಬೇಕಾದರೆ ಒಲೆಯ ಮೇಲೇ ಮಲಗಬೇಕು. ಆ ಮೂರನೆಯ ಮನುಷ್ಯ ಯಾರು ಅನ್ನುವುದನ್ನು ನೆನೆದೇ ಅವನ ಅರ್ಧ ಬೋಳಿಸಿದ ಮುಖ ಪೂರ್ತಿ ಅರಳಿತು.

ಅದು ಅವನ ಅತ್ತೆ. ದೊಡ್ಡ ಆಸ್ಪತ್ರೆಯೊಂದರ ಉಗ್ರಾಣ ನೋಡಿಕೊಂಡು ನಿವೃತ್ತಿಯಾದವರು. ಅವರ ಕಾಲದಲ್ಲಿ ಆ ಆಸ್ಪತ್ರೆಯಿಂದ ಎಷ್ಟೋ ಜನರ ಜೀವ ಹೋಗಿತ್ತು, ಒಂದು ದಿಂಬಿನ ಚೀಲ ಹೋಗಿರಲಿಲ್ಲ. ಮಗಳ ಮನೆಗೆ ಒಂದು ವಾರ ಇದ್ದು ಹೋಗುತ್ತೇನೆಂದು ಬೇಸಿಗೆಯಲ್ಲಿ ಬಂದವರು, ಈಗ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು. ಬಿಸ್ಕತ್ತಿನ ಡಬ್ಬಕ್ಕೆ ಬೀಗ ಬಿದ್ದಿತ್ತು. ಸೋಪು ಸವೆದಷ್ಟು ಅಳಿಯನ ಕೊಳೆ ಹೋಗಿದೆಯೇ ಎಂದು ಅವರು ದಿನವೂ ತಾಳೆ ನೋಡುತ್ತಿದ್ದರು.

"ರೀ, ಯಾಕ್ರೀ ಹೂಂ ಅಂದ್ರಿ?" ಎಂದಳು ಹೆಂಡತಿ. "ನೀವು ವೈನ್ ಯಾವತ್ತಾದ್ರೂ ಕುಡಿದಿದೀರಾ?"

"ಕೇಕಲ್ಲಿ ತಿಂದಿದೀನಲ್ಲ."

ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಆ ಕಟ್ಟಡದಲ್ಲಿ ಆಳಿಗೊಂದು ಸಲಹೆ. ಗೋಡೆಗಳು ಹಪ್ಪಳದಷ್ಟು ತೆಳ್ಳಗಿದ್ದುದರಿಂದ, ಹೂಂರಾಯ ಉಳಿದರ್ಧ ಗಡ್ಡ ಬೋಳಿಸುವಷ್ಟರಲ್ಲಿ ಮೇಲಿನ ಮನೆಯ ವ್ಯಾಕರಣದ ಮೇಷ್ಟ್ರು ಅರ್ಧ ಸೀಸೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದು ಬಂದರು.

"ಯಾರೋ ಹಳೇ ಶಿಷ್ಯ ಕೊಟ್ಟಿದ್ದು. ವರ್ಷಗಟ್ಟಲೆ ಇಟ್ಟಿದೀನಿ. ಹಳೇದಾದಷ್ಟೂ ವೈನಿಗೆ ಬೆಲೆ," ಎಂದು ಲೋಟಕ್ಕೆ ಸುರಿದರು. ಹೂಂರಾಯ ಒಂದೇ ಗುಟುಕಿಗೆ ನುಂಗಿದ. ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಕಿವಿ ಎರಡೂ ಹಿಂದಕ್ಕೆ ಸರಿದಂತಾಯಿತು.

"ಹೇಗಿದೆ?"

"ತುಂಬಾ ಚೆನ್ನಾಗಿದೆ ಮೇಷ್ಟ್ರೇ."

ಅಡುಗೆಮನೆಯಿಂದ ಅತ್ತೆ ಇಣುಕಿ ನೋಡಿದರು. "ಅಳಿಯಂದ್ರೇ, ಅದು ವಿನೆಗರ್. ಇಲ್ಲಿಗೇ ಘಾಟು ಹೊಡೀತಿದೆ."

ಮೇಷ್ಟ್ರು ಸೀಸೆಯನ್ನು ಬೆಳಕಿಗೆ ಹಿಡಿದು, "ಓ, ಕಿಟಕಿ ಗಾಜು ಒರೆಸೋಕೆ ಅಂತ ನಮ್ಮವಳು ಇದರಲ್ಲಿ ಹಾಕಿಟ್ಟಿದ್ಳು ಅನ್ಸುತ್ತೆ," ಎಂದರು, ತಮಗೇನೂ ಸಂಬಂಧವಿಲ್ಲದವರ ಹಾಗೆ. "ಇರ್ಲಿ. ವೈನಿಗೆ ಬೇಕಾದ್ದು ನಾಲಿಗೆ ಅಲ್ಲ, ವಿಶೇಷಣ. ಗುಟುಕು ಬಾಯಿಗೆ ಹೋದ ತಕ್ಷಣ ನಿಮಗೆ ಚೆನ್ನಾಗಿ ಗೊತ್ತಿರೋ ಒಬ್ಬ ಮನುಷ್ಯನ್ನ ನೆನೆಸ್ಕೊಳ್ಳಿ. ಅವರ ಸ್ವಭಾವ ವರ್ಣಿಸ್ತಾ ಹೋಗಿ. ಕೇಳೋರು ವೈನ್ ಅಂದ್ಕೋತಾರೆ."

ಅಷ್ಟರಲ್ಲಿ ಕೆಳಮನೆಯ ಹಲ್ಲಿನ ಡಾಕ್ಟರು ಬಂದರು. ಅವರು ಒಮ್ಮೆ ವಿಮಾನದಲ್ಲಿ ವೈನ್ ಕುಡಿದವರು. "ನುಂಗೋ ಹಾಗೇ ಇಲ್ಲ. ಬಾಯಿಗೆ ಹಾಕ್ಕೊಳ್ಳಿ, ಮುಕ್ಕಳಿಸಿ, ಉಗುಳಿ. ಬಲ್ಲವರು ಮಾಡೋದು ಹಾಗೇನೇ." ಇದು ಅವರು ಬಂದ ರೋಗಿಗಳಿಗೆಲ್ಲ ಹೇಳುವ ಮಾತೇ ಆದರೂ ಆ ಹೊತ್ತಿನಲ್ಲಿ ವೇದವಾಕ್ಯದಂತೆ ಕೇಳಿಸಿತು. ಉಗುಳಲೆಂದು ತಮ್ಮ ಕ್ಲಿನಿಕ್ಕಿನಿಂದ ಹೊಳೆಯುವ ಒಂದು ಸ್ಟೀಲ್ ಬೇಸಿನ್ನನ್ನೂ ತಂದುಕೊಟ್ಟರು. ನೀರಿನಲ್ಲಿ ಅಭ್ಯಾಸ ನಡೆಯಿತು. ಮೊದಲ ಸಲ ಉಗುಳಿದ್ದು ಮೇಷ್ಟ್ರ ಕನ್ನಡಕಕ್ಕೆ ಬಿತ್ತು. ಎರಡನೆಯದು ಡಾಕ್ಟರ ಚಪ್ಪಲಿಗೆ. ಆಮೇಲೆ ಇಬ್ಬರೂ ದೂರ ನಿಂತು ಉತ್ತೇಜನ ಕೊಟ್ಟರು.

"ಮ್ಯಾನೇಜರ್ ಬಂದಾಗ ನಾವೂ ಹಾಗೇ ಬಂದ ಹಾಗೆ ಮಾಡಿ ನಿಮ್ಮ ಬಗ್ಗೆ ಎರಡು ಒಳ್ಳೇ ಮಾತು ಹಾಕ್ತೀವಿ," ಎಂದರು ಡಾಕ್ಟರು.

"ಹೂಂ," ಅಂದ ಹೂಂರಾಯ.

ಮ್ಯಾನೇಜರು ಬಂದರು. ಮೂರು ಬಾಟಲಿಗಳಿಗೂ ಹೆಸರು ಕಾಣದಂತೆ ಸುದ್ದಿಪತ್ರಿಕೆ ಸುತ್ತಿತ್ತು. ಮನುಷ್ಯ ಸಣಕಲು, ಮುಖ ಸದಾ ಲೆಕ್ಕ ತಪ್ಪಿದವರದು. ಮೇಜಿನ ಮೇಲೆ ಹುರಿದ ಮೀನು, ಬೇಯಿಸಿದ ಆಲೂಗಡ್ಡೆ. ಮೊದಲ ಬಾಟಲಿ ತೆರೆದು ಇಬ್ಬರಿಗೂ ಬಗ್ಗಿಸಿದ್ದಾಯಿತು. ಹೂಂರಾಯ ಲೋಟ ತಿರುಗಿಸಿದ, ಮೂಗಿಟ್ಟ, ಬಾಯಿಗೆ ಹಾಕಿ ಮುಕ್ಕಳಿಸಿದ. ಕೆನ್ನೆ ಉಬ್ಬಿಸಿಕೊಂಡು ಬೇಸಿನ್ನಿಗಾಗಿ ಕೈಚಾಚಿದ.

ಬೇಸಿನ್ನು ಮೇಜಿನ ನಡುವೆಯೇ ಇತ್ತು. ಅದರ ತುಂಬ ಹೆಚ್ಚಿದ ಸೌತೆಕಾಯಿ, ಟೊಮೆಟೊ.

"ಎಲ್ಲಿಂದಲೋ ಒಳ್ಳೇ ಪಾತ್ರೆ ಬಂದಿತ್ತು. ತೊಳೆದು ಹಾಕಿಟ್ಟೆ," ಎಂದರು ಅತ್ತೆ, ಮ್ಯಾನೇಜರ ತಟ್ಟೆಗೆ ಅದರಿಂದಲೇ ಬಡಿಸುತ್ತ. "ತಗೊಳ್ಳಿ."

ಹೂಂರಾಯನಿಗೆ ಉಗುಳುವಂತಿಲ್ಲ, ಮಾತಾಡುವಂತಿಲ್ಲ. ಮ್ಯಾನೇಜರು ಅವನನ್ನೇ ನೋಡುತ್ತಿದ್ದರು. ನುಂಗಿದ. ಎದೆಯೊಳಗೆ ಯಾರೋ ಸಣ್ಣ ದೀಪ ಹಚ್ಚಿದಂತಾಯಿತು. ಮೇಷ್ಟ್ರ ಮಾತು ನೆನಪಾಗಿ, ಮನೆ ಮಾಲೀಕನನ್ನು ಮನಸ್ಸಿಗೆ ತಂದುಕೊಂಡ.

"ಬಾಗಿಲಲ್ಲಿ ನಗ್ತಾ ಬರುತ್ತೆ ಸಾರ್. ಮಕ್ಕಳೂ ಮರೀ ಎಲ್ಲ ಚೆನ್ನಾಗಿದಾರಾ ಅಂತ ಕೇಳುತ್ತೆ. ಒಳಗೆ ಬಂದು ಕೂತ ಮೇಲೆ ಗೊತ್ತಾಗುತ್ತೆ, ಏನೋ ಕಿತ್ಕೊಂಡು ಹೋಗೋಕೆ ಬಂದಿದೆ ಅಂತ. ಹತ್ತಕ್ಕೆ ಆರು."

ಮ್ಯಾನೇಜರು ನಿಧಾನವಾಗಿ ತಲೆಯಾಡಿಸಿದರು. ತಮ್ಮ ಲೋಟವನ್ನು ಮೂಗಿನ ತನಕ ಎತ್ತಿ, ಹಾಗೇ ಕೆಳಗಿಟ್ಟರು. ಕುಡಿಯಲಿಲ್ಲ. ಪರೀಕ್ಷಕರು ಪರೀಕ್ಷೆ ಬರೆಯುತ್ತಾರೆಯೇ ಅಂದುಕೊಂಡ ಹೂಂರಾಯ.

ಕೋಳಿ ಬಂತು. ಎರಡನೆಯ ಬಾಟಲಿ. ಈ ಸಲ ಉಗುಳುವ ಯೋಚನೆಯೇ ಅವನಿಗೆ ಬರಲಿಲ್ಲ. ಯಾರನ್ನು ನೆನೆಯುವುದೆಂದು ಹುಡುಕುತ್ತಿದ್ದವನಿಗೆ ಎದುರಿನ ಗಾಜಿನ ಬೀರುವಿನಲ್ಲಿ ತನ್ನ ಮುಖವೇ ಕಾಣಿಸಿತು.

"ಇದಕ್ಕೆ ಬೆನ್ನುಮೂಳೆ ಇಲ್ಲ ಸಾರ್," ಎಂದ. "ಎಲ್ಲರಿಗೂ ತಲೆಯಾಡಿಸುತ್ತೆ. ಕೋಳಿ ಜತೆ ಕೋಳಿ, ಮೀನಿನ ಜತೆ ಮೀನು. ಯಾರೂ ಮತ್ತೆ ಬೇಕು ಅಂತ ಕೇಳಲ್ಲ, ಯಾರೂ ಬೇಡ ಅಂತ ಬಿಸಾಕಲ್ಲ. ಪಾಪದ್ದು. ಹತ್ತಕ್ಕೆ ನಾಲ್ಕು." ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನು ಕಣ್ಣು ಒರೆಸಿಕೊಂಡು, "ಐದು ಹಾಕೋಣ," ಅಂದ.

ಮ್ಯಾನೇಜರ ಮುಖ ಇನ್ನಷ್ಟು ಜೋತುಬಿತ್ತು. "ಇಷ್ಟೊಂದು ಗೊತ್ತಾ ನಿಮಗೆ?"

"ಇದೇನು ಮಹಾ ಸಾರ್. ಮೂರನೇದು ತೆಗೀರಿ." ಹೂಂರಾಯನಿಗೆ ಈಗ ಹೊಳೆಯಾಚೆಯ ಮನೆ ಕಿಟಕಿ ಬಾಗಿಲುಗಳ ಸಮೇತ ಕಾಣುತ್ತಿತ್ತು.

ಮೂರನೆಯದನ್ನು ಚೀಸಿನ ಜತೆ ಬಗ್ಗಿಸಿದರು. ಕಡುಗೆಂಪು. ಒಂದು ಗುಟುಕು ಕುಡಿದವನ ನಾಲಿಗೆ ಕಡಿವಾಣ ಕಳಚಿದ ಕುದುರೆಯಾಯಿತು.

"ಆಹಾ. ಇದು ಹಳೇ ಸರಕು ಸಾರ್. ವಯಸ್ಸಾದ್ರೂ ಬಿಗುವು ಬಿಟ್ಟಿಲ್ಲ. ಬರುವಾಗ ಸ್ವಲ್ಪ ದಿನಕ್ಕೆ ಅಂತ ಬರುತ್ತೆ, ಆಮೇಲೆ ಬಾಯಿಂದ ಹೋಗೋದೇ ಇಲ್ಲ. ಬಿಸ್ಕತ್ತಿಗೂ ಹೊಂದಲ್ಲ. ಎಲ್ಲಾ ರುಚೀನೂ ತನ್ನ ಹತ್ರಾನೇ ಬೀಗ ಹಾಕಿ ಇಟ್ಕೊಂಡಿರುತ್ತೆ. ಆದ್ರೆ ಗಟ್ಟಿ ಸಾರ್, ಭಾರೀ ಗಟ್ಟಿ. ಹತ್ತಕ್ಕೆ ಒಂಬತ್ತು."

ಅತ್ತೆಯ ಕೈಯಲ್ಲಿದ್ದ ಚಮಚ ಗಾಳಿಯಲ್ಲೇ ನಿಂತಿತು. ಹೆಂಡತಿ ತಟ್ಟೆಯಲ್ಲಿ ಮುಖ ಹುದುಗಿಸಿದಳು.

ಅತ್ತೆ ಎದ್ದು ಮೂರು ಬಾಟಲಿಗಳಿಗೂ ಬಿರಡೆ ಒತ್ತಿದರು, ಬೀರುವಿನಲ್ಲಿಟ್ಟು ಬೀಗ ಹಾಕಿದರು, ಬೀಗದ ಕೈಯನ್ನು ಸ್ವೆಟರಿನ ಜೇಬಿಗೆ ಸೇರಿಸಿದರು.

"ಅಮ್ಮಾ, ನಾನೂ ಒಂದು ಗುಟುಕು ನೋಡೋಣ ಅಂತಿದ್ದೆ," ಎಂದರು ಮ್ಯಾನೇಜರು.

"ಊಟ ಮುಗೀತಲ್ಲ. ಉಳಿದಿದ್ದು ಬಾಗಿಲ ಹತ್ರ ಕೊಡ್ತೀನಿ, ತಗೊಂಡು ಹೋಗಿ."

"ನಾನು ತಂದಿದ್ದಲ್ವಾ ಅಮ್ಮಾ ಅದು?"

"ಯಾರು ತಂದ್ರೇನು? ನನ್ನ ಬೀರುವಿಗೆ ಬಂದ ಮೇಲೆ ಕೇಳಿದ ತಕ್ಷಣ ಕೊಡೋ ಪದ್ಧತಿ ಇಲ್ಲ."

"ನೀವು ಒಂದು ಚೂರೂ ರುಚಿ ನೋಡ್ಲಿಲ್ಲವಲ್ಲ."

"ನಂಗೆ ಅದರ ವಾಸನೆ ಕಂಡ್ರೇ ಆಗಲ್ಲ."

ಮ್ಯಾನೇಜರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಬಂದಾಗಿನಿಂದ ಮೊದಲ ಸಲ ಆ ಮುಖದಲ್ಲಿ ಕಳೆ ಬಂತು.

ಸರಿಯಾಗಿ ಅದೇ ಹೊತ್ತಿಗೆ, ಕೊಟ್ಟ ಮಾತು ಉಳಿಸಿಕೊಳ್ಳಲು ನೆರೆಯವರಿಬ್ಬರೂ ಒಳಗೆ ಬಂದರು.

"ಓ, ಮ್ಯಾನೇಜರ್ ಸಾಹೇಬ್ರಾ?" ಎಂದರು ಡಾಕ್ಟರು, ಸಾಲಾಡ್ ಬೇಸಿನ್ನಿನ ಕಡೆ ಗಾಬರಿಯಿಂದ ನೋಡುತ್ತ. "ನಮ್ಮ ರಾಯರು ಅಂದ್ರೆ ವೈನಿನ ವಿಷಯದಲ್ಲಿ ಎತ್ತಿದ ಕೈ. ದಿನಾ ಸಂಜೆ ಲೋಟ ಹಿಡೀದೆ ಅವರಿಗೆ ಊಟಾನೇ ಸೇರಲ್ಲ."

"ತಾಯಿ ಹಾಲು ಬಿಟ್ಟ ಮೇಲೆ ಇದನ್ನೇ ಹಿಡಿದಿದ್ದು," ಎಂದು ಮೇಷ್ಟ್ರು ಸೇರಿಸಿದರು. "ಬೆಳಿಗ್ಗೆ ಎದ್ದ ಕೂಡಲೇ ನನ್ನ ಕಣ್ಮುಂದೇನೇ ಒಂದು ಲೋಟ ಎತ್ತಿದಾರೆ."

ಹೂಂರಾಯ ಎದೆಯುಬ್ಬಿಸಿಕೊಂಡು ಮ್ಯಾನೇಜರ ಕಡೆ ನೋಡಿದ. ಅವರು ಕೈಯೊರೆಸಿಕೊಂಡು ಎದ್ದರು.

"ನೋಡ್ರೀ, ನಿಮಗೆ ನಿಜ ಹೇಳ್ಬಿಡ್ತೀನಿ. ಹಳೇ ಉಗ್ರಾಣದಲ್ಲಿ ವೈನ್ ಕಪಾಟು ನೋಡ್ಕೊಳ್ಳೋಕೆ ಇದ್ದವನು ಗುಣಮಟ್ಟ ಪರೀಕ್ಷೆ ಅಂತ ಕುಡಿದೇ ಮುಗಿಸಿದ. ಅವನ ಬದಲಿಗೆ ಬಂದವನು, ಹೋದವನು ಸರಿಯಾಗಿ ಪರೀಕ್ಷೆ ಮಾಡಿಲ್ಲ ಅಂತ ಮತ್ತೆ ಶುರು ಮಾಡಿದ. ಧಣಿಗಳು ನನಗೆ ಖಡಾಖಂಡಿತ ಹೇಳಿದಾರೆ, ಈ ಸಲ ವೈನಿನ ಗಂಧಗಾಳಿ ಗೊತ್ತಿಲ್ಲದವರನ್ನೇ ಹಾಕಿ ಅಂತ. ನನ್ನ ಮನಸ್ಸಿಗೆ ಮೊದಲು ಬಂದಿದ್ದು ನೀವೇ. ಫೋನಲ್ಲಿ ಹೂಂ ಅಂದ್ರಲ್ಲ, ಆಗ್ಲೂ ನಾನು ನಂಬಲಿಲ್ಲ. ಇವರು ಎಲ್ಲದಕ್ಕೂ ಹೂಂ ಅಂತಾರೆ, ಕಣ್ಣಾರೆ ನೋಡೋಣ ಅಂತ ಬಂದೆ. ಮೊದಲನೇ ಗುಟುಕಿಗೆ ನೀವು ಮುಖ ಕಿವುಚಿದ್ದಿದ್ರೆ ಕೆಲಸ ನಿಮ್ದೇ ಆಗಿತ್ತು."

ಹೂಂರಾಯನ ಕಾಲ ಕೆಳಗಿನ ನೆಲ ಜಾರಿತು. ಅರ್ಧ ವೈನಿಗೆ, ಅರ್ಧ ಸುದ್ದಿಗೆ. "ಸಾರ್, ನಂಗೆ ಏನೇನೂ ಗೊತ್ತಿಲ್ಲ ಸಾರ್. ಇವತ್ತೇ ಮೊದಲು ಕುಡಿದಿದ್ದು." ಅಷ್ಟು ಹೇಳುವುದರೊಳಗೆ ಬಿಕ್ಕಳಿಕೆ ಬಂತು.

"ಹೋದವರಿಬ್ಬರೂ ಹೀಗೇ ಅಂತಿದ್ರು," ಎಂದು ಮ್ಯಾನೇಜರು ಅವನ ಭುಜ ತಟ್ಟಿ, ಅತ್ತೆಯ ಕಡೆ ತಿರುಗಿದರು. ಕೈ ಮುಗಿಯುವುದೊಂದು ಬಾಕಿ. "ಅಮ್ಮಾ, ನೀವು ಮೊದಲು ಎಲ್ಲಿ ಕೆಲಸದಲ್ಲಿದ್ರಿ?"

ಅತ್ತೆ ಹೇಳಿದರು. ದಿಂಬಿನ ಚೀಲದ ವಿಷಯವನ್ನೂ ಹೇಳಿದರು. ಮಾತು ಮುಗಿಯುವುದಕ್ಕೆ ಕಾಫಿಯೂ ಬೇಕಾಗಲಿಲ್ಲ. ಸೋಮವಾರದಿಂದ ಹೊಳೆಯಾಚೆಯ ಉಗ್ರಾಣಕ್ಕೆ ಅವರೇ ಮೇಲ್ವಿಚಾರಕಿ, ಪಕ್ಕದ ಮನೆಯೂ ಅವರದೇ.

"ಒಬ್ಬ ಗುಮಾಸ್ತ ಬೇಕಾಗುತ್ತೆ," ಎಂದರು ಅತ್ತೆ.

"ನಿಮ್ಮ ಅಳಿಯನ್ನೇ ಕಳಿಸ್ತೀನಿ. ಇಂಥವರು ನಿಮ್ಮ ಕಣ್ಣಮುಂದೆ ಇದ್ರೇ ಕಂಪನಿಗೆ ಕ್ಷೇಮ."

ಮ್ಯಾನೇಜರು ಬಾಗಿಲ ಹತ್ತಿರ ಬಾಟಲಿಗಳನ್ನು ಪಡೆದು ಹೊರಟುಹೋದರು. ಹೆಂಡತಿಗೆ ಸಂತೋಷ ತಡೆಯಲಾಗಲಿಲ್ಲ. ಅಮ್ಮ ಬಿಟ್ಟು ಹೋಗುತ್ತಾಳೆಂದು ಎಷ್ಟು ಹೆದರಿದ್ದಳೋ. ಈಗ ತಾವೇ ಅಮ್ಮನ ಮನೆಗೆ ಹೋಗುವುದು, ಕೆಲಸವೂ ಅಲ್ಲೇ, ಮನೆಯೂ ಅಲ್ಲೇ. ಮಲಗುವ ಕೋಣೆ ತಾಯಿಮಗಳಿಗಾಯಿತು. ಇವರಿಗೇನು, ಅಡುಗೆ ಕೋಣೆಯಲ್ಲಿ ಒಲೆ ಆರಿದ ಮೇಲೆ ಬೆಚ್ಚಗಿರುತ್ತದೆ ಎಂದು ಅಲ್ಲೇ ತೀರ್ಮಾನವಾಯಿತು.

ಹೂಂರಾಯ ಮೆಟ್ಟಿಲ ಮೇಲೆ ಕೂತಿದ್ದ. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಸಮಾಧಾನ ಹೇಳಬೇಕೆಂದು ಬಂದವರಿಗೆ ತಿಳಿದದ್ದು ವ್ಯಾಕರಣ ಒಂದೇ.

"ಬೇಜಾರು ಮಾಡ್ಕೋಬೇಡಿ. ಪದ ಎಷ್ಟು ಚೆನ್ನಾಗಿ ಕೂಡಿದೆ ನೋಡಿ. ಮನೆ ಒಂದು ಪದ, ಅಳಿಯ ಒಂದು ಪದ. ಎರಡೂ ಸೇರಿದ್ರೆ ಮನೆಯಳಿಯ. ಸೇರೋ ಜಾಗದಲ್ಲಿ ಮೊದಲು ಏನೂ ಇರಲಿಲ್ಲ, ನಡುವೆ ಹೊಸದಾಗಿ ಯಕಾರ ಬಂತು. ಆಗಮ ಸಂಧಿ."

ಹೂಂರಾಯ ಅವತ್ತು ಮೊದಲ ಸಲ ಒಬ್ಬರ ಮಾತನ್ನು ಒಪ್ಪಲಿಲ್ಲ.

"ನಡುವೆ ಬಂದಿದ್ದು ಯಕಾರ ಅಲ್ಲ ಮೇಷ್ಟ್ರೇ," ಎಂದ. "ನಮ್ಮತ್ತೆ."