ಮನಸ್ಸು ಅಳೆಯಲು ಹೋಗಿ ಮನೆ ಕಳೆದುಕೊಂಡೆ

ನಮ್ಮ ವಂಶದಲ್ಲೇ ಮೊದಲು ಬಿ.ಎ. ಮುಗಿಸಿದವನು ನಾನು. ಅಪ್ಪ ಕಲ್ಲು ಒಡೆದು ಓದಿಸಿದರು. ಆ ಬಿ.ಎ.ಯನ್ನು ನೋಡಿಯೇ ತೊಂಬತ್ತರ ದಶಕದಲ್ಲಿ ಒಂದು ಸಂಸ್ಥೆ ನನಗೆ ಘನವಾದ ಕೆಲಸ ಕೊಟ್ಟಿತು. ಅವರು ಜಾತಿಭೇದದ ವಿರುದ್ಧ ಬೀದಿನಾಟಕ ಆಡಿಸುವುದು. ನೋಡಿದವರ ಮನಸ್ಸು ಬದಲಾಯಿತೇ ಎಂದು ನಾನು ಅಳೆಯುವುದು.

ಅಳತೆಯ ವಿಧಾನ ನನ್ನದೇ. ನಾಟಕ ಮುಗಿದೊಡನೆ, "ಇನ್ಮೇಲೆ ಜಾತಿ ನೋಡದವರು ಕೈ ಎತ್ತಿ!" ಬೆಂಗಳೂರಿನ ಶ್ರೀನಗರದಲ್ಲಿ ಇಡೀ ಬೀದಿ ಕೈ ಎತ್ತಿತು. ಪಕ್ಕದ ಮನೆಯವರು ನೋಡುತ್ತಿರುವಾಗ ಯಾರು ತಾನೇ ಎತ್ತುವುದಿಲ್ಲ? ಅದು ನನಗೆ ಹೊಳೆಯಲಿಲ್ಲ. ಪದವೀಧರ ನೋಡಿ!

ವಿಶ್ವನಾಥಯ್ಯ ಎಂಬುವವರಂತೂ ಎರಡೂ ಕೈ ಎತ್ತಿದ್ದರು. ಕಣ್ಣಲ್ಲಿ ನೀರು ಬೇರೆ. ವರದಿಯಲ್ಲಿ 'ಸಂಪೂರ್ಣ ಪರಿವರ್ತನೆ' ಎಂದು ಬರೆದೆ. ಅವರ ಮಹಡಿ ಮನೆಗೆ ಟು ಲೆಟ್ ಬೋರ್ಡು ತೂಗುತ್ತಿತ್ತು. ನಮ್ಮ ಬಾಡಿಗೆ ಮನೆ ಸೋರುತ್ತಿತ್ತು. ಕೇಳಿಯೇಬಿಟ್ಟೆ.

"ನಿಮ್ಮಂಥ ವಿದ್ಯಾವಂತರಿಗೆ ಕೊಡ್ದೆ ಇನ್ಯಾರಿಗೆ ಕೊಡ್ಲಿ ಸಾರ್? ಶುಕ್ರವಾರ ಹಾಲು ಉಕ್ಸಿಬಿಡಿ!"

ಹೆಂಡತಿ ಸರೋಜ ನಂಬಲಿಲ್ಲ. "ಅವರು ಏನೂ ಕೇಳ್ಲಿಲ್ವಾ?"

"ಕೇಳೋರಲ್ಲ ಕಣೇ. ನಾನೇ ಅಳ್ದಿದೀನಿ!"

ಅದೇ ಹುಮ್ಮಸ್ಸಿನಲ್ಲಿ ಹಳೇ ಮನೆ ಬಿಡುತ್ತೇನೆಂದು ಮಾಲೀಕರಿಗೆ ಹೇಳಿಬಂದೆ. ಅವರು ಸಂಜೆಯೇ ಬೇರೆಯವರಿಗೆ ಮಾತು ಕೊಟ್ಟರು.

ಶುಕ್ರವಾರ ಹಾಲು, ಪಾತ್ರೆ, ಸ್ಟವ್ ಹೊತ್ತು ಹೋದೆವು. ವಿಶ್ವನಾಥಯ್ಯ ಬೀಗದ ಕೈ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು.

"ಅಂದ ಹಾಗೆ ಸಾರ್, ಸುಮ್ನೆ ಕೇಳ್ತೀನಿ, ನೀವು ಯಾವ ಜನ?"

ಬಿ.ಎ. ಹೇಳುವಷ್ಟೇ ಹೆಮ್ಮೆಯಿಂದ ಜಾತಿ ಹೇಳಿದೆ. ಬೀಗದ ಕೈ ಜೇಬಿಗೆ ಹೋಯಿತು.

"ನನಗೇನೂ ಇಲ್ಲ ಸಾರ್. ಅಮ್ಮ ಹಳೇ ಕಾಲದೋರು..."

"ಎರಡೂ ಕೈ ಎತ್ತಿದ್ರಲ್ಲ ಸಾರ್!"

"ಈಗ್ಲೂ ಎತ್ತೀನಿ! ನಾಟಕ ಮತ್ತೆ ಯಾವಾಗ? ಅಮ್ಮನ್ನೂ ಕರ್ಕೊಂಡ್ ಬರ್ತೀನಿ."

ಹಾಲು ವಾಪಸು ಬಂತು. ದಾರಿಯುದ್ದಕ್ಕೂ ಸರೋಜ ಪಾತ್ರೆಯ ಮುಚ್ಚಳವನ್ನು ಒತ್ತಿ ಹಿಡಿದೇ ನಡೆದಳು.

ಆಮೇಲೆ ಹನುಮಂತನಗರದಲ್ಲಿ ಇನ್ನೊಂದು ಬೋರ್ಡು. ಅಲ್ಲೂ ಅದೇ ಪ್ರಶ್ನೆ. ನಾನು ಬೇರೆ ಜಾತಿಯ ಹೆಸರು ಹೇಳಿದೆ. ನಾಲಿಗೆ ತೊದಲಲಿಲ್ಲ. ಮನೆ ಸಿಕ್ಕಿತು. ಹಾಲೂ ಉಕ್ಕಿತು.

ಸರೋಜ ಒಲೆಯಿಂದ ಕಣ್ಣೆತ್ತದೆ ಕೇಳಿದಳು: "ಊರಿಂದ ನಿಮ್ಮಪ್ಪ ಬಂದ್ರೆ, ಯಾರು ಅಂತ ಹೇಳೋದು?"

ಜನರ ಮನಸ್ಸು ಅಳೆಯುವ ಸಾಹೇಬರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

ಸಂಸ್ಥೆಯವರು ನನ್ನ ವರದಿಯನ್ನು ಬಹಳ ಮೆಚ್ಚಿಕೊಂಡರು. ಇಡೀ ಕಾರ್ಯಕ್ರಮದಿಂದ ನಿಜವಾಗಿ ಬದಲಾದವನು ಒಬ್ಬನೇ ಎಂದು ಅವರಿಗೆ ನಾನು ಹೇಳಲಿಲ್ಲ. ಅವನಿಗೆ ಬಿ.ಎ. ಆಗಿದೆ!